ಬಿಸಿಯಾಗದ ಡ್ರೈಯರ್: ಮಲೆನಾಡಿನ ಒಂದು ಮನೆಯ ಪ್ರಕರಣ

ಮಲೆನಾಡಿನ ಒಂದು ತಾಲ್ಲೂಕು ಪೇಟೆಯಲ್ಲಿ ಫ್ರಿಜ್, ವಾಷಿಂಗ್ ಮಷಿನ್, ಡ್ರೈಯರ್ ರಿಪೇರಿ ಮಾಡಿಕೊಂಡಿದ್ದೇನೆ. ಈ ಪ್ರಕರಣದಲ್ಲಿ ನಾನು ಎರಡು ಸಲ ಎಡವಿದೆ. ಬರೆಯುತ್ತಿರುವುದೂ ಅದಕ್ಕೇ. ಸಲೀಸಾಗಿ ಮುಗಿದ ರಿಪೇರಿಯಲ್ಲಿ ಬೇರೆಯವರಿಗೆ ಹೇಳುವಂಥದ್ದು ಹೆಚ್ಚೇನೂ ಇರುವುದಿಲ್ಲ. ಮನೆಯವರನ್ನು ಕೇಳಿಯೇ ಬರೆದಿದ್ದೇನೆ. ಊರು, ಹೆಸರು, ಮಷಿನಿನ ಕಂಪನಿ ಯಾವುದನ್ನೂ ಹೇಳುವುದಿಲ್ಲ, ಮನೆಮಂದಿಯ ಒಂದೆರಡು ವಿವರ ಬದಲಿಸಿದ್ದೇನೆ.

ಮನೆ, ಮಷಿನ್

ಡಾಂಬರು ರಸ್ತೆ ಬಿಟ್ಟು ಮೂರು ಕಿಲೋಮೀಟರ್ ಒಳಗೆ, ಅಡಿಕೆ ತೋಟದ ತಲೆಯಲ್ಲಿರುವ ಹಳೇ ಹೆಂಚಿನ ಮನೆ. ಯಜಮಾನರು, ಅವರ ಹೆಂಡತಿ, ಎಂಬತ್ತು ದಾಟಿದ ಅಜ್ಜಿ. ಆ ವರ್ಷ ಮಗಳು ಬಾಣಂತನಕ್ಕೆ ಬಂದಿದ್ದಳು, ಮಗುವಿಗೆ ಎರಡು ತಿಂಗಳು. ಮಗ ಅಮೆರಿಕದಲ್ಲಿ. ಡ್ರೈಯರ್ ಕೊಡಿಸಿದವನೂ ಅವನೇ, ಮೂರು ಮಳೆಗಾಲದ ಹಿಂದೆ.

ಜೂನ್‌ನಿಂದ ಸೆಪ್ಟೆಂಬರ್ ತನಕ ಇಂಥ ಮನೆಯಲ್ಲಿ ಬಟ್ಟೆ ಒಣಗಿಸುವುದು ಎಂದರೆ ಏನೆಂದು ಬಯಲುಸೀಮೆಯವರಿಗೆ ಹೇಳಿ ಅರ್ಥ ಮಾಡಿಸುವುದು ಕಷ್ಟ. ಜಗಲಿಯ ಉದ್ದಕ್ಕೂ ಹಗ್ಗ, ಬಚ್ಚಲು ಒಲೆಯ ಮೇಲೆ ಬಿದಿರಿನ ಗಳ, ಮೂರು ದಿನವಾದರೂ ಸೊಂಟಪಟ್ಟಿಯ ಹತ್ತಿರ ತಣ್ಣಗೇ ಇರುವ ಪ್ಯಾಂಟು. ಒಲೆಯ ಮೇಲೆ ಒಣಗಿದ್ದಕ್ಕೆ ಹೊಗೆಯ ವಾಸನೆ, ಒಣಗದೆ ಮಡಚಿಟ್ಟಿದ್ದಕ್ಕೆ ಬೂಷ್ಟು. ದಿನಕ್ಕೆ ಇಪ್ಪತ್ತು ಮೂವತ್ತು ಮಗುವಿನ ಬಟ್ಟೆ ಇರುವ ಮನೆಯಲ್ಲಿ ಡ್ರೈಯರನ್ನು ಯಾರೂ ಸೋಗು ಎಂದು ಕರೆಯುವುದಿಲ್ಲ.

ಮಷಿನ್ ಸಾಮಾನ್ಯವಾದದ್ದು. 5.5 ಕಿಲೋ, ವೆಂಟೆಡ್ ಮಾದರಿ. ಹೊರಗಿನ ಗಾಳಿಯನ್ನು ಎಳೆದುಕೊಂಡು, ಹೀಟರಿನ ಮೇಲೆ ಹಾಯಿಸಿ, ತಿರುಗುವ ಬಟ್ಟೆಯ ನಡುವೆ ನುಗ್ಗಿಸಿ, ಒದ್ದೆಯಾದ ಗಾಳಿಯನ್ನು 4 ಇಂಚಿನ ಪೈಪಿನಲ್ಲಿ ಹೊರಗೆ ತಳ್ಳುತ್ತದೆ. ಹೀಟರಿನಲ್ಲಿ 1,000 ವ್ಯಾಟಿನ ಎರಡು ಕಾಯಿಲ್. ತೆಳು ಬಟ್ಟೆಗೆ ಒಂದು, ದಪ್ಪ ಬಟ್ಟೆಗೆ ಎರಡೂ. ಬಚ್ಚಲುಮನೆಯ ಪಕ್ಕದ ಸಣ್ಣ ಕೋಣೆಯಲ್ಲಿ, ವಾಷಿಂಗ್ ಮಷಿನಿನ ಮೇಲೆ ಕಬ್ಬಿಣದ ಸ್ಟ್ಯಾಂಡ್ ಮಾಡಿಸಿ ಕೂರಿಸಿದ್ದರು. ಪೈಪು ಹಿಂದಿನ ಮಣ್ಣಿನ ಗೋಡೆಯಲ್ಲಿ ಕೊರೆದ ತೂತಿನಿಂದ ಕೊಟ್ಟಿಗೆಯ ಕಡೆಗೆ ಹೋಗುತ್ತಿತ್ತು. ಮಷಿನಿನ ಹಿಂದೆ ಕೈ ಹಾಕುವಷ್ಟೇ ಜಾಗ. ಈ ಕಿರಿದು ಜಾಗ ಮುಂದೆ ನನ್ನ ಸೋಮಾರಿತನಕ್ಕೆ ನೆಪವಾಯಿತು.

ಮೊದಲ ಫೋನ್

ಆರಿದ್ರಾ ಮಳೆ ಹಿಡಿದು ನಾಲ್ಕನೇ ದಿನ ಯಜಮಾನರು ಫೋನ್ ಮಾಡಿದರು. "ಡ್ರಮ್ಮು ತಿರುಗ್ತದೆ ಮಾರಾಯ್ರೆ, ಬಿಸಿ ಮಾತ್ರ ಇಲ್ಲ. ಎರಡು ತಾಸು ಹಾಕಿದ್ರೂ ಹಾಕಿದ ಹಾಗೇ ಬರ್ತದೆ."

ಗ್ರಾಹಕರು ಹೇಳುವ "ಬಿಸಿ ಇಲ್ಲ" ಎನ್ನುವ ಮಾತಿಗೆ ಕನಿಷ್ಠ ಮೂರು ಅರ್ಥ. ಒಂದು, ಒಳಗೆ ಬರುವುದು ತಣ್ಣನೆಯ ಗಾಳಿಯೇ. ಎರಡು, ಬಿಸಿ ಇದೆ, ಸಾಲದು. ಮೂರು, ಬಿಸಿ ಬೇಕಾದಷ್ಟಿದೆ, ಬಟ್ಟೆ ಒಣಗುವುದಿಲ್ಲ. ಮೂರಕ್ಕೂ ಹುಡುಕುವ ದಾರಿ ಬೇರೆ. ಆದ್ದರಿಂದ ಕೇಳಿದೆ: ಹದಿನೈದು ನಿಮಿಷ ಓಡಿಸಿ ಬಾಗಿಲು ತೆಗೆದು ಡ್ರಮ್ಮಿನ ಒಳಗೆ ಕೈ ಇಟ್ಟರೆ ಹೇಗಿದೆ? "ಥಂಡಿ" ಎಂದರು. ಹೊರಗಿನ ಪೈಪಿನ ಬಾಯಲ್ಲಿ ಗಾಳಿ ಹೇಗೆ ಬರುತ್ತಿದೆ? "ಅದು ಕೊಟ್ಟಿಗೆ ಹಿಂದೆ ಇದೆ, ಈ ಮಳೆಲಿ ಯಾರು ಹೋಗ್ತಾರೆ" ಎಂದರು. ಸರಿ ಎಂದು ಬಿಟ್ಟೆ.

ಅಷ್ಟರಲ್ಲಿ ಮಗನೂ ವೀಡಿಯೊ ಕಾಲ್‌ನಲ್ಲಿ ಸಲಹೆ ಕೊಟ್ಟಿದ್ದನಂತೆ: "ಬ್ರೇಕರ್ ಒಂದು ಸಲ ಪೂರ್ತಿ ಆಫ್ ಮಾಡಿ ಆನ್ ಮಾಡಿ. ನಮ್ಮಲ್ಲಿ ಹೀಗಾದ್ರೆ ಅದೇ ಕಾರಣ." ಅವನಿರುವ ಕಡೆ ಅದು ಒಳ್ಳೆಯ ಸಲಹೆಯೇ. ಅಮೆರಿಕದ ಮನೆಗೆ 120 ವೋಲ್ಟಿನ ಎರಡು ಲೈನ್ ಬರುತ್ತವೆ. ಕರೆಂಟಿನ ಡ್ರೈಯರಿನಲ್ಲಿ ಹೀಟರಿಗೆ ಎರಡೂ ಸೇರಿದ 240 ವೋಲ್ಟ್ ಬೇಕು, ಡ್ರಮ್ಮಿನ ಮೋಟಾರು ಒಂದೇ ಲೈನಿನ 120ರಲ್ಲಿ ಓಡುತ್ತದೆ. ಜೋಡಿ ಬ್ರೇಕರಿನಲ್ಲಿ ಒಂದು ಕಡೆ ಕೈಕೊಟ್ಟರೆ ಡ್ರಮ್ಮು ಆರಾಮಾಗಿ ತಿರುಗುತ್ತದೆ, ಬಿಸಿ ಮಾತ್ರ ಸೊನ್ನೆ. ನಮ್ಮಲ್ಲಿ ಮೋಟಾರಿಗೂ ಹೀಟರಿಗೂ ಅದೇ ಒಂದು 230 ವೋಲ್ಟಿನ ಲೈನ್. ಮೋಟಾರು ಓಡುತ್ತಿದೆ ಎಂದರೆ ಪ್ಲಗ್ಗಿನ ತನಕ ಕರೆಂಟ್ ಬಂದಿದೆ. ಈಗ ಎಲ್ಲರೂ ಮೊದಲು ವೀಡಿಯೊ ನೋಡಿ ಆಮೇಲೆ ನಮಗೆ ಫೋನ್ ಮಾಡುವ ಕಾಲ. ಆ ವೀಡಿಯೊ ಯಾವ ದೇಶದ್ದು ಎಂದು ಕೇಳುವುದೂ ಈಗ ನನ್ನ ಕೆಲಸದ ಒಂದು ಭಾಗ.

ಮೊದಲ ಭೇಟಿ, ಮೊದಲ ತಪ್ಪು

ಪ್ಲಗ್ ಕಿತ್ತು, ಹಿಂದಿನ ಕವರಿನ ಒಂದು ಬದಿ ಬಿಚ್ಚಿ ಮಲ್ಟಿಮೀಟರ್ ಹಿಡಿದೆ. ಹೀಟರ್ 26 ಓಮ್ ತೋರಿಸಿತು. 230 ವೋಲ್ಟಿಗೆ 2,000 ವ್ಯಾಟ್ ಎಂದರೆ ಲೆಕ್ಕಕ್ಕೆ 26.45 ಬರಬೇಕು, ಹಾಗಾಗಿ ಎರಡೂ ಕಾಯಿಲ್ ಚೆನ್ನಾಗಿವೆ. ಥರ್ಮೋಸ್ಟಾಟ್ ಸರಿ ಇತ್ತು. ಥರ್ಮಲ್ ಫ್ಯೂಸಿಗೆ ಹಿಡಿದಾಗ ಮೀಟರ್ ಬೀಪ್ ಅನ್ನಲಿಲ್ಲ. ಓಪನ್, ಎಂದರೆ ಒಳಗೆ ಕಡಿದುಹೋಗಿ ಕರೆಂಟ್ ಹಾಯುತ್ತಿಲ್ಲ.

ಈ ಎರಡು ಸಣ್ಣ ಬಿಡಿಭಾಗಗಳ ವ್ಯತ್ಯಾಸ ಇಲ್ಲೇ ಹೇಳಿಬಿಡುತ್ತೇನೆ, ಮುಂದಿನ ಕಥೆಯೆಲ್ಲ ಇದರ ಮೇಲೇ ನಿಂತಿದೆ. ಈ ಮಷಿನಿನಲ್ಲಿ ಥರ್ಮೋಸ್ಟಾಟ್ ಇರುವುದು ಗಾಳಿ ಹೊರಗೆ ಹೋಗುವ ದಾರಿಯಲ್ಲಿ. ಹೊರಹೋಗುವ ಗಾಳಿ ಬೇಕಾದಷ್ಟು ಬಿಸಿಯಾಯಿತು ಎಂದರೆ ಹೀಟರ್ ನಿಲ್ಲಿಸುತ್ತದೆ, ತಣಿದ ಮೇಲೆ ಮತ್ತೆ ಹಚ್ಚುತ್ತದೆ. ದಿನಕ್ಕೆ ನೂರು ಸಲ ಈ ಕೆಲಸ ಮಾಡಿದರೂ ಅದಕ್ಕೇನೂ ಆಗುವುದಿಲ್ಲ. ಥರ್ಮಲ್ ಫ್ಯೂಸ್ ಕೂತಿರುವುದು ಹೀಟರಿನ ಪೆಟ್ಟಿಗೆಯ ಮೈಮೇಲೆ. ಅಲ್ಲಿ ಬಿಸಿ ಮಿತಿ ಮೀರಿದರೆ ಒಂದೇ ಸಲ ಕಡಿದುಕೊಳ್ಳುತ್ತದೆ, ಮತ್ತೆ ಸೇರುವುದಿಲ್ಲ. ಅದು ಸುಮ್ಮಸುಮ್ಮನೆ ಹೋಗುವ ಸಾಮಾನಲ್ಲ. ಹೋಗಿದೆ ಎಂದರೆ ಪೆಟ್ಟಿಗೆ ಕಾದಿದೆ. ಪೆಟ್ಟಿಗೆ ಕಾಯುವುದು ಹೆಚ್ಚಾಗಿ ಅದರ ಮೇಲೆ ಹಾಯಬೇಕಾದ ಗಾಳಿ ಹಾಯದೆ ಇದ್ದಾಗ.

ಇದೆಲ್ಲ ನನಗೆ ಅವತ್ತೂ ಗೊತ್ತಿತ್ತು. ಬಾಗಿಲ ಬಳಿಯ ಫಿಲ್ಟರ್ ತೆಗೆದು ನೋಡಿದೆ. ಲಿಂಟ್ ಎನ್ನುತ್ತೇವಲ್ಲ, ಆ ಬಟ್ಟೆಯ ಜುಂಗು ಒಂದು ಪದರ ಕೂತಿತ್ತು. ಕಾರಣ ಇದೇ ಎಂದು ನನಗೆ ನಾನೇ ಹೇಳಿಕೊಂಡೆ. ಉಜ್ಜಿ ತೊಳೆದು, ಹೊಸ ಫ್ಯೂಸ್ ಹಾಕಿ, ಪ್ರತಿ ಸಲ ಫಿಲ್ಟರ್ ತೆಗೆದು ಕೊಡವಿ ಎಂದು ಹೇಳಿದೆ. ಹತ್ತು ನಿಮಿಷದಲ್ಲಿ ಡ್ರಮ್ಮು ಬಿಸಿ. ಕಾಫಿ ಕುಡಿದು ಹೊರಟೆ. ಮಷಿನ್ ಮುಂದಕ್ಕೆ ಎಳೆದು ಪೈಪು ನೋಡಲಿಲ್ಲ. ಕೊಟ್ಟಿಗೆಯ ಹಿಂದೆ ಹೋಗಲೂ ಇಲ್ಲ. ಮಳೆ ಸುರಿಯುತ್ತಿತ್ತು, ಇನ್ನೂ ಎರಡು ಮನೆಗೆ ಹೋಗಬೇಕಿತ್ತು.

"ಡೈರೆಕ್ಟ್"

ಹನ್ನೊಂದನೇ ದಿನ ಫ್ಯೂಸ್ ಮತ್ತೆ ಹೋಯಿತು. ಆಗ ಪುನರ್ವಸು. ಮರ ಬಿದ್ದು ರಸ್ತೆ ಬಂದ್ ಆಗಿತ್ತು, ಎರಡು ದಿನ ಬರಲು ಆಗುವುದಿಲ್ಲ ಎಂದೆ. ಮನೆಯವರಿಗೆ ಅಷ್ಟು ತಡೆಯುವ ಸ್ಥಿತಿ ಇರಲಿಲ್ಲ. ಪಕ್ಕದ ಊರಿನಲ್ಲಿ ವೈರಿಂಗ್ ಮಾಡುವ ಹುಡುಗನನ್ನು ಕರೆಸಿದರು. ಅವನು ಮೀಟರ್ ಹಿಡಿದು ಓಪನ್ ಇರುವುದು ಯಾವುದೆಂದು ಸರಿಯಾಗಿಯೇ ಕಂಡುಹಿಡಿದ. ಬದಲಿಸಲು ಫ್ಯೂಸ್ ಅವನ ಹತ್ತಿರ ಇರಲಿಲ್ಲ. ಎರಡು ತುದಿಗೆ ಒಂದು ವೈರ್ ತುಂಡು ಕಟ್ಟಿ ಡೈರೆಕ್ಟ್ ಮಾಡಿದ.

ಇದು ನನಗೆ ಗೊತ್ತಾದದ್ದು ಆಮೇಲೆ. ನನ್ನನ್ನು ಬಿಟ್ಟು ಬೇರೆಯವರನ್ನು ಕರೆದರು ಎಂದು ನನಗೆ ಬೇಸರವಾದೀತು ಎಂದು ಮನೆಯವರು ಹೇಳಿರಲಿಲ್ಲ. ರಿಪೇರಿ ಮಾಡುವವರು ಬಂದ ಕೂಡಲೇ, ದನಿಯಲ್ಲಿ ಆಕ್ಷೇಪಣೆ ಇಲ್ಲದೆ, "ಮಧ್ಯದಲ್ಲಿ ಯಾರಾದರೂ ಬಿಚ್ಚಿದ್ರಾ?" ಎಂದು ಕೇಳಿಬಿಡಬೇಕು. ನಾನು ಕೇಳಲಿಲ್ಲ.

ಡೈರೆಕ್ಟ್ ಮಾಡಿದ ಮೇಲೆ ಮೂರು ದಿನ ಮಷಿನ್ ಹಿಂದೆಂದೂ ಇಲ್ಲದಷ್ಟು ಬಿಸಿಯಾಯಿತಂತೆ, ಎಲ್ಲರಿಗೂ ಖುಷಿ. ನಾಲ್ಕನೇ ದಿನ ಕೂದಲು ಸುಟ್ಟ ಹಾಗೆ ಸಣ್ಣ ವಾಸನೆ. ಅಲ್ಲಿಂದ ಮುಂದೆ ಬಿಸಿ ಇದ್ದೂ ಬಟ್ಟೆ ಒಣಗದು. ಆಗ ಮತ್ತೆ ನನಗೆ ಫೋನ್. ಈ ಸಲದ ದೂರು ಬೇರೆ: "ಬೆಚ್ಚಗಿರ್ತದೆ, ಮೂರು ತಾಸಾದ್ರೂ ಒಣಗಲ್ಲ."

ಬೆಂಕಿಗೆ ಎಷ್ಟು ಹತ್ತಿರ ಹೋಗಿದ್ದೆವು ಎಂದು ಈಗ ಅನ್ನಿಸುತ್ತದೆ. ಬಟ್ಟೆಯ ಜುಂಗು ಹಿಂಜಿದ ಹತ್ತಿಯಷ್ಟೇ ಬೇಗ ಹತ್ತಿಕೊಳ್ಳುತ್ತದೆ. ಡ್ರೈಯರ್ ಮನೆಮನೆಯಲ್ಲಿರುವ ಅಮೆರಿಕದಲ್ಲಿ 2008ರಿಂದ 2010ರ ನಡುವೆ ವರ್ಷಕ್ಕೆ ಸುಮಾರು 2,900 ಮನೆಬೆಂಕಿಗಳಿಗೆ ಡ್ರೈಯರ್ ಕಾರಣವೆಂದು ಅಲ್ಲಿನ ಅಗ್ನಿಶಾಮಕ ಆಡಳಿತದ ಅಂದಾಜು. ಅದರಲ್ಲಿ ಮೊದಲ ಸ್ಥಾನದಲ್ಲಿದ್ದ ಕಾರಣ ಸ್ವಚ್ಛ ಮಾಡದೆ ಬಿಟ್ಟದ್ದು. ನಮ್ಮ ಪ್ರಕರಣದಲ್ಲಿ ಅದನ್ನು ತಡೆಯಲೆಂದು ಇದ್ದ ಒಂದೇ ಬಾಗಿಲನ್ನೂ ತೆರೆದಿಟ್ಟಾಗಿತ್ತು.

ವೋಲ್ಟೇಜ್ ಎಂಬ ಅರ್ಧ ಸತ್ಯ

ಎರಡನೇ ಭೇಟಿ. ಪ್ಲಗ್ಗಿನಲ್ಲಿ ಮೀಟರ್ ಇಟ್ಟೆ: ಮಷಿನ್ ಆಫ್ ಇದ್ದಾಗ 196 ವೋಲ್ಟ್, ಓಡುವಾಗ 186. ಟಿ.ಸಿ.ಯಿಂದ, ಎಂದರೆ ಟ್ರಾನ್ಸ್‌ಫಾರ್ಮರಿನಿಂದ, ದೂರದ ಕೊನೇ ಮನೆ, ಇದು ಹೊಸತೇನಲ್ಲ. ಸಂಜೆ ಎಲ್ಲರ ಮನೆಯ ಗೀಸರ್, ಮಿಕ್ಸಿ ಶುರುವಾದ ಮೇಲೆ 170ಕ್ಕೂ ಇಳಿಯುತ್ತದೆ ಎಂದರು.

ಹೀಟರಿಗೆ ವೋಲ್ಟೇಜ್ ಇಳಿದರೆ ಬಿಸಿ ಅದೇ ಪ್ರಮಾಣದಲ್ಲಿ ಇಳಿಯುವುದಿಲ್ಲ, ಅದಕ್ಕಿಂತ ಜೋರಾಗಿ ಬೀಳುತ್ತದೆ. ವೋಲ್ಟೇಜಿನ ವರ್ಗದ (ಸ್ಕ್ವೇರ್) ಲೆಕ್ಕ ಅದು. 230ರ ಬದಲು 186 ಇದ್ದರೆ ವೋಲ್ಟೇಜ್ ನೂರಕ್ಕೆ 19 ಕಡಿಮೆ, ಬಿಸಿ ನೂರಕ್ಕೆ 35 ಕಡಿಮೆ. 2,000 ವ್ಯಾಟಿನ ಹೀಟರ್ 1,300 ವ್ಯಾಟಿನದ್ದಾಯಿತು. 170ರಲ್ಲಿ ಹೆಚ್ಚುಕಡಿಮೆ 1,100. ಇದನ್ನು ಕಾಗದದ ಮೇಲೆ ಬರೆದು ತೋರಿಸಿ, "ಮಷಿನ್‌ದು ತಪ್ಪಲ್ಲ, ಕರೆಂಟ್ ಡಲ್ಲು. ಹಗಲು ಹನ್ನೊಂದರ ಮೇಲೆ ಹಾಕಿ ನೋಡಿ" ಎಂದೆ. ಬ್ಯಾಗಿನ ಜಿಪ್ ಎಳೆದೂ ಆಗಿತ್ತು.

ಯಜಮಾನರು ಕಾಗದ ನೋಡಿದರು. "ಎಲ್ಲ ಸರಿ ಮಾರಾಯ್ರೆ. ಹೋದ ವರ್ಷವೂ ಕರೆಂಟ್ ಹೀಗೇ ಇತ್ತಲ್ಲ. ಹೋದ ವರ್ಷ ಒಂದೂವರೆ ತಾಸಿಗೆ ಒಣಗ್ತಿತ್ತು."

ನನ್ನ ಹತ್ತಿರ ಉತ್ತರ ಇರಲಿಲ್ಲ. ಲೆಕ್ಕ ಸರಿ ಇತ್ತು, ಆದರೆ ಹೋದ ವರ್ಷಕ್ಕೂ ಈ ವರ್ಷಕ್ಕೂ ಏನು ಬದಲಾಯಿತು ಎನ್ನುವುದಕ್ಕೆ ಅದು ಉತ್ತರವಲ್ಲ. ಈ ಪ್ರಕರಣ ತಿರುಗಿದ್ದು ಆ ಒಂದು ಮಾತಿನಿಂದ. ಮತ್ತೆ ಕೂತೆ.

ಒಣಗುತ್ತಿಲ್ಲ ಎಂದರೆ ಎಷ್ಟು ಒಣಗುತ್ತಿಲ್ಲ? ಮನೆಯಲ್ಲಿ ಕಾಳುಮೆಣಸು ತೂಗುವ ಡಿಜಿಟಲ್ ತಕ್ಕಡಿ ಇತ್ತು. ಎರಡು ಬೆಡ್‌ಶೀಟ್, ನಾಲ್ಕು ಟವೆಲ್ ನೆನೆಸಿ, ವಾಷಿಂಗ್ ಮಷಿನಿನಲ್ಲಿ ಹಿಂಡಿಸಿ ತೂಗಿದೆವು. ಅರ್ಧ ತಾಸು ಡ್ರೈಯರಿನಲ್ಲಿ ಓಡಿಸಿ ಮತ್ತೆ ತೂಗಿದೆವು. ಕಡಿಮೆಯಾದದ್ದು 200 ಗ್ರಾಂ. ಎಂದರೆ ತಾಸಿಗೆ 400 ಗ್ರಾಂ ನೀರು. ಒಂದು ಕಿಲೋ ನೀರು ಆವಿಯಾಗಲು ಸುಮಾರು 0.67 ಯೂನಿಟ್ ಶಾಖ ಬೇಕು. ಗಾಳಿಯಲ್ಲಿ ನಷ್ಟವಾಗುವುದನ್ನು ಕಳೆದರೂ 1,300 ವ್ಯಾಟಿನ ಹೀಟರ್ ತಾಸಿಗೆ ಒಂದು ಕಿಲೋ ದಾಟಿ ನೀರು ಹೊರಹಾಕಬೇಕಿತ್ತು. ವೋಲ್ಟೇಜಿನ ತಲೆಗೆ ಕಟ್ಟಬಹುದಾದದ್ದಕ್ಕಿಂತ ಬಹಳ ಕಡಿಮೆ ಇದು.

ವೈರಿಗೆ ಕಚ್ಚಿಸಿ ಕರೆಂಟ್ ಅಳೆಯುವ ಟಾಂಗ್ ಟೆಸ್ಟರ್ ತೆಗೆದು ಹೀಟರಿನ ವೈರಿಗೆ ಹಾಕಿದೆ. 186 ವೋಲ್ಟಿಗೆ 7 ಆಂಪಿಯರ್ ಇರಬೇಕಿತ್ತು, ತೋರಿಸಿದ್ದು 3.5. ಸರಿಯಾಗಿ ಅರ್ಧ. ಎರಡರಲ್ಲಿ ಒಂದು ಕಾಯಿಲ್ ಸತ್ತಿದೆ.

ಈಗ ಮಷಿನನ್ನು ಪೂರ್ತಿ ಬಿಚ್ಚದೆ ಗತಿ ಇರಲಿಲ್ಲ. ಯಜಮಾನರೂ ನಾನೂ ಹಿಡಿದು ಸ್ಟ್ಯಾಂಡಿನಿಂದ ಕೆಳಗಿಳಿಸಿದೆವು. ಹಿಂದಿನ ಕವರ್ ಬಿಚ್ಚಿದಾಗ ಮೊದಲು ಕಂಡದ್ದು ಕೆಂಪು ವೈರಿನ ತುಂಡು. ಆಮೇಲೆ ಕಾಯಿಲ್: ಒಂದು ಕಡೆ ಜೋತು ಬಿದ್ದು, ಬಿಳಿಚಿಕೊಂಡು, ಹರಿದಿತ್ತು. ನಾನು ವೈರ್ ಕಡೆ ನೋಡಿದೆ, ಯಜಮಾನರು ಬೇರೆ ಕಡೆ ನೋಡಿದರು. ಡೈರೆಕ್ಟ್ ಮಾಡಿದ ಕಥೆ ಆಗ ಹೊರಬಂತು.

ಫ್ಯೂಸ್ ಎರಡು ಸಲ ಹೋಗಿದೆ, ಅದಿಲ್ಲದಾಗ ಕಾಯಿಲ್ ಹೋಗಿದೆ. ಪೆಟ್ಟಿಗೆಯಲ್ಲಿ ಬಿಸಿ ನಿಲ್ಲುತ್ತಿದೆ ಎನ್ನುವುದರಲ್ಲಿ ಇನ್ನು ಅನುಮಾನ ಉಳಿದಿರಲಿಲ್ಲ. ಥರ್ಮೋಸ್ಟಾಟ್ ಯಾಕೆ ಹೀಟರನ್ನು ನಿಲ್ಲಿಸಲಿಲ್ಲ? ಅದು ಕೂತಿರುವುದು ಗಾಳಿ ಹೊರಹೋಗುವ ದಾರಿಯಲ್ಲಿ. ಗಾಳಿಯೇ ಹೋಗದಿದ್ದರೆ ಅದರ ಪಾಲಿಗೆ ಎಲ್ಲ ತಣ್ಣಗೇ ಇದೆ. ಇನ್ನೂ ಬಿಸಿ ಬೇಕು ಎಂದುಕೊಂಡು ಹೀಟರನ್ನು ಹಚ್ಚಿಯೇ ಇಡುತ್ತದೆ, ಇತ್ತ ಕಾಯಿಲ್ ಕೆಂಪಗೆ ಕಾದು ಕೂತಿರುತ್ತದೆ.

ಅಜ್ಜಿ ಹೇಳಿದ್ದು

ಫ್ಯಾನ್ ಸರಿ ಇತ್ತು, ಬೆಲ್ಟ್ ಸರಿ ಇತ್ತು. ಪೈಪು ಎಳೆದು ನೋಡಿದರೆ ಒಂದು ಕಡೆ ಸ್ವಲ್ಪ ಚಪ್ಪಟೆ, ಒಳಗೆ ತೆಳುವಾಗಿ ಜುಂಗು. ಅಷ್ಟಕ್ಕೆ ಎರಡು ಫ್ಯೂಸ್ ಹೋಗುವುದಿಲ್ಲ. ಟಾರ್ಚ್ ಹಾಕಿ ಗೋಡೆಯ ತೂತಿನಲ್ಲಿ ಇಣುಕಿದೆ, ಆಚೆ ಬೆಳಕು ಕಾಣಲಿಲ್ಲ. ಮಳೆಯ ಸಂಜೆ, ಕತ್ತಲೆ ಇರಬೇಕು ಎಂದುಕೊಂಡೆ.

ಅಜ್ಜಿ ಬಾಗಿಲ ಹತ್ತಿರ ಮಣೆ ಹಾಕಿಕೊಂಡು ಎಲ್ಲ ನೋಡುತ್ತಿದ್ದರು. "ತಮ್ಮಾ, ಈಗ ಗೋಡೆಯಿಂದ ಹೊಗೆ ಬರೋದಿಲ್ಲ" ಎಂದರು.

"ಯಾವ ಹೊಗೆ ಅಜ್ಜಿ?"

"ಈ ಪೆಟ್ಟಿಗೆ ಹಾಕಿದ್ರೆ ಹೋದ ವರ್ಷ ಕೊಟ್ಟಿಗೆ ಹಿಂದಿನ ಗೋಡೆಯಿಂದ ಬುಸುಬುಸು ಹೊಗೆ ಬರ್ತಿತ್ತು. ಹಾಲು ಕರೆಯೋಕೆ ಕೂತ್ರೆ ಕಾಣ್ತಿತ್ತು. ಕರು ಅಲ್ಲೇ ಹೋಗಿ ನಿಲ್ತಿತ್ತು, ಬೆಚ್ಚಗೆ ಅಂತ. ಈ ವರ್ಷ ಒಂದು ದಿನವೂ ಇಲ್ಲ."

ಅದು ಹೊಗೆಯಲ್ಲ, ಬಟ್ಟೆಯ ನೀರಿನ ಹಬೆ. ನನ್ನ ಮೀಟರ್‌ಗಳೆಲ್ಲ ಮಷಿನಿನ ಒಳಗೆ ಹುಡುಕುತ್ತಿದ್ದಾಗ ಅಜ್ಜಿಯ ಕಣ್ಣು ಹೊರಗಿತ್ತು. ಮೊದಲ ಫೋನಿನಲ್ಲಿ ನಾನು ಕೇಳಿ, ಉತ್ತರ ಸಿಗದೆ ಬಿಟ್ಟ ಪ್ರಶ್ನೆಗೆ ಉತ್ತರ ಮೂರು ವಾರದಿಂದ ಆ ಮನೆಯಲ್ಲೇ ಕೂತಿತ್ತು.

ಕೊಡೆ ಹಿಡಿದು ಕೊಟ್ಟಿಗೆಯ ಹಿಂದೆ ಹೋದೆವು. ಪೈಪಿನ ಬಾಯಿಗೆ ಸೊಳ್ಳೆ ಜಾಲರಿ ಹೊಡೆದಿತ್ತು, ಸುತ್ತ ಸಿಮೆಂಟು ಮೆತ್ತಿತ್ತು. ಜಾಲರಿಯ ಒಳಮೈಯಲ್ಲಿ ಅರ್ಧ ಇಂಚು ದಪ್ಪಕ್ಕೆ ಬೂದು ಬಣ್ಣದ ಜುಂಗು, ಒದ್ದೆಯಾಗಿ ಒತ್ತಿಕೊಂಡು ಕಂಬಳಿಯ ತುಂಡಿನ ಹಾಗಿತ್ತು. ಸ್ಕ್ರೂಡ್ರೈವರ್ ತುದಿಯಿಂದ ಎಬ್ಬಿಸಿದರೆ ರೊಟ್ಟಿಯಂತೆ ಇಡಿಯಾಗಿ ಎದ್ದು ಬಂತು.

ಅದು ಯಾವಾಗ ಬಂತೆಂದು ನೆನಪಿಸಿಕೊಳ್ಳಲು ಯಜಮಾನರಿಗೆ ಎರಡು ನಿಮಿಷ ಬೇಕಾಯಿತು. ಏಪ್ರಿಲ್‌ನಲ್ಲಿ, ಬಾಣಂತಿ ಬರುತ್ತಾಳೆಂದು ಮನೆಗೆ ಸುಣ್ಣಬಣ್ಣ ಮಾಡಿಸಿದಾಗ, ಆ ತೂತಿನ ಹತ್ತಿರ ಕೇರೆ ಹಾವು ಕಂಡಿತ್ತು. ಮಗು ಬರುವ ಮನೆ, ಹಾವು ನುಗ್ಗಬಾರದು ಎಂದು ಗಾರೆಯವರ ಕೈಯಲ್ಲಿ ಜಾಲರಿ ಹಾಕಿಸಿದರು. ಒಳ್ಳೆಯದಕ್ಕೆಂದೇ ಮಾಡಿದ್ದು. ಡ್ರೈಯರ್ ಅಕ್ಟೋಬರ್‌ನಿಂದ ಮುಸುಕು ಹಾಕಿಕೊಂಡು ಕೂತಿತ್ತು. ಜೂನ್‌ನಲ್ಲಿ ಮೊದಲ ಸಲ ಹಾಕುವಾಗ ಈ ಎರಡು ಸಂಗತಿಗಳನ್ನು ಕೂಡಿಸಿ ನೋಡಲು ಯಾರಿಗೂ ಕಾರಣವಿರಲಿಲ್ಲ. ಡ್ರೈಯರಿನ ಹೊರಬಾಯಿಗೆ ಜಾಲರಿ ಹಾಕಬಾರದೆಂದು ಅಮೆರಿಕದ ಮನೆ ಕಟ್ಟುವ ನಿಯಮಾವಳಿಯಲ್ಲೇ ಇದೆ. ನಮ್ಮಲ್ಲಿ ಅದನ್ನು ಹೇಳಬೇಕಾದವನು ಪೈಪು ಕೂರಿಸಿದವನು ಅಥವಾ ನನ್ನಂಥವನು.

ಸರಿ ಮಾಡಿದ್ದು, ಅಳೆದದ್ದು

ಜಾಲರಿ ಕಿತ್ತ ಕೂಡಲೇ ಮಷಿನನ್ನು ಮತ್ತೆ ಓಡಿಸಲಿಲ್ಲ. ಹೊಸ ಹೀಟರ್ ಬೆಂಗಳೂರಿನಿಂದ ಬರಲು ಎಂಟು ದಿನ ಬೇಕಿತ್ತು. ಅಲ್ಲಿಯ ತನಕ ಒಂದೇ ಕಾಯಿಲ್‌ನಲ್ಲಿ ಓಡಿಸಲೇ, ಬೇಡವೇ? ಹರಿದ ಕಾಯಿಲ್‌ನ ತುದಿ ಅಲ್ಲಾಡಿ ಮಷಿನಿನ ಮೈಗೆ ತಾಗಿದರೆ ಶಾಕ್. ಒದ್ದೆ ಕೈ, ಒದ್ದೆ ನೆಲದ ಕೋಣೆ ಅದು. ಬೇಡ ಎನ್ನುವುದು ಸುಲಭದ ಉತ್ತರ. ಆದರೆ ಬೇಡ ಎಂದರೆ ಮತ್ತೆ ಬಚ್ಚಲು ಒಲೆ, ಅಥವಾ ಮತ್ತೊಬ್ಬರು ಬಂದು ಮತ್ತೊಂದು ವೈರ್. ಹರಿದ ಕಾಯಿಲನ್ನು ಪಿಂಗಾಣಿ ಗುಬ್ಬಿಗಳಿಂದ ಪೂರ್ತಿ ಬಿಡಿಸಿ ತೆಗೆದೆ, ಅದರ ವೈರ್ ಕಳಚಿ ಟೇಪ್ ಸುತ್ತಿದೆ. ಕೆಂಪು ವೈರ್ ಕಿತ್ತು ಕಂಪನಿಯ ಥರ್ಮಲ್ ಫ್ಯೂಸನ್ನೇ ಹಾಕಿದೆ. ಅರ್ತಿಂಗ್ ಪರೀಕ್ಷಿಸಿದೆ. ಹಗಲಲ್ಲಿ, ಮನೆಯಲ್ಲಿ ಜನ ಎದ್ದಿರುವಾಗ ಮಾತ್ರ, ಬರೀ ಮಗುವಿನ ಬಟ್ಟೆಗೆ ಎಂದು ಹೇಳಿ ಬಿಟ್ಟೆ.

ಬಿಡುವ ಮುಂಚೆ ಅವೇ ಬೆಡ್‌ಶೀಟ್, ಟವೆಲ್‌ಗಳನ್ನು ಮತ್ತೆ ನೆನೆಸಿ ಹಿಂಡಿ ತೂಗಿ ನೋಡಿದೆವು. ಹೀಟರ್ ಅದೇ ಅರ್ಧ, ವೋಲ್ಟೇಜ್ ಅದೇ 186, ಗಾಳಿಯ ದಾರಿ ಮಾತ್ರ ತೆರೆದದ್ದು: ತಾಸಿಗೆ 400 ಗ್ರಾಂ ಇದ್ದದ್ದು 600 ಆಯಿತು. ಎಂಟು ದಿನದ ಮೇಲೆ ಹೊಸ ಹೀಟರ್ ಹಾಕಿ, ಅದೇ ವೋಲ್ಟೇಜಿನಲ್ಲಿ ತೂಗಿದಾಗ 1.2 ಕಿಲೋ. ಲೈನ್‌ಮನ್ ಬಂದು ಕಂಬದ ಮೇಲೆ ಸಡಿಲವಾಗಿದ್ದ ಜೋಡಣೆ ಬಿಗಿ ಮಾಡಿದ ಮೇಲೆ, ಹಗಲು ಓಡುವಾಗ 198 ವೋಲ್ಟ್ ಸಿಕ್ಕಿತು, ಆಗ 1.4. ನಾನು ಎಲ್ಲದಕ್ಕೂ ಕಾರಣ ಎಂದು ಕಾಗದದಲ್ಲಿ ಬರೆದುಕೊಟ್ಟಿದ್ದ ವೋಲ್ಟೇಜಿನ ಪಾಲು ಇದರಲ್ಲಿ ಎಷ್ಟು ಎಂದು ನೋಡಿ.

ಜಾಲರಿಯ ಜಾಗಕ್ಕೆ, ಗಾಳಿ ತಳ್ಳಿದಾಗ ತೆರೆದು ನಿಂತಾಗ ತಾನೇ ಮುಚ್ಚುವ ಮುಚ್ಚಳ ಕೂರಿಸಿದೆ. ಹಾವಿನ ಭಯಕ್ಕೂ ಅದೇ ಸಾಕು. ಚಪ್ಪಟೆಯಾದ ಪ್ಲಾಸ್ಟಿಕ್ ಪೈಪು ತೆಗೆದು ಲೋಹದ್ದನ್ನು ಹಾಕಿ, ಉದ್ದ ಕಡಿಮೆ ಮಾಡಿ, ಒಂದೇ ಬಾಗು ಬರುವ ಹಾಗೆ ಸ್ಟ್ಯಾಂಡನ್ನು ಒಂದು ಗೇಣು ಸರಿಸಿದೆವು. ಮೊದಲ ಭೇಟಿಯ ದುಡ್ಡು ವಾಪಸ್ ಕೊಟ್ಟೆ. ಯಜಮಾನರು ಬೇಡ ಬೇಡ ಎಂದು ಕೊನೆಗೆ ಒಂದು ಚೀಲ ಬಾಳೆಕಾಯಿ ಹಾಕಿ ಕಳಿಸಿದರು.

ಉಳಿದ ಮಾತು

ಇಲ್ಲಿ ಸುಮಾರು ಜನ ಹೇಳುವ ಮಾತೊಂದಿದೆ: "ಮಳೆಗಾಲದಲ್ಲಿ ಗಾಳಿಯೇ ಒದ್ದೆ, ಮಷಿನ್ ಪಾಪ ಎಂತ ಮಾಡ್ತದೆ?" ಈ ಮನೆಯಲ್ಲೂ ಅಂದರು. ನಿಜವಲ್ಲ. 22 ಡಿಗ್ರಿಯ, ಶೇಕಡಾ 95 ತೇವದ ಗಾಳಿಯನ್ನು 60 ಡಿಗ್ರಿಗೆ ಕಾಯಿಸಿದರೆ ಅದರ ಸಾಪೇಕ್ಷ ತೇವ ಶೇಕಡಾ 13ರ ಹತ್ತಿರಕ್ಕೆ ಇಳಿಯುತ್ತದೆ. ಬೇಸಿಗೆಯ ಬಯಲುಸೀಮೆಯ ಗಾಳಿಯಷ್ಟೇ ಒಣ ಗಾಳಿ. ಆಷಾಢದ ಗಾಳಿಯೂ ಕಾದರೆ ಬಟ್ಟೆ ಒಣಗಿಸಬಲ್ಲದು, ಒಳಗೆ ಬಂದದ್ದು ಹೊರಗೆ ಹೋಗಲು ದಾರಿ ಇದ್ದರೆ.

ಈ ಕೇಸಿನ ನಂತರ ನನ್ನ ಕೆಲಸದ ಕ್ರಮ ಬದಲಾಗಿದೆ. ಡ್ರೈಯರ್ ಎಂದು ಕರೆ ಬಂದರೆ ಚಪ್ಪಲಿ ಕಳಚುವ ಮೊದಲು ಮನೆ ಸುತ್ತಿ ಪೈಪಿನ ಬಾಯಿ ನೋಡುತ್ತೇನೆ. ಥರ್ಮಲ್ ಫ್ಯೂಸ್ ಹೋಗಿದ್ದರೆ, ಅದು ಯಾಕೆ ಹೋಯಿತೆಂದು ಬಿಲ್ಲಿನ ಮೇಲೆ ಬರೆಯಬೇಕೆಂದು ನನಗೆ ನಾನೇ ಕಟ್ಟು ಹಾಕಿಕೊಂಡಿದ್ದೇನೆ. ಕಾರಣ ಬರೆಯಲು ಆಗದಿದ್ದರೆ ಕೆಲಸ ಮುಗಿದಿಲ್ಲ. ಕೊನೇ ಸಲ ಚೆನ್ನಾಗಿ ಓಡಿದ್ದು ಯಾವಾಗ, ಆಮೇಲೆ ಮನೆಯಲ್ಲಿ ಏನೇನು ಕೆಲಸ ನಡೆಯಿತು ಎಂದು ಕೇಳುತ್ತೇನೆ. ಮಷಿನಿಗೆ ಸಂಬಂಧವಿಲ್ಲದ್ದನ್ನೂ ಹೇಳಿ ಎನ್ನುತ್ತೇನೆ. ಸುಣ್ಣ ಹೊಡೆಸಿದ್ದು, ಹಾವು ಕಂಡದ್ದು, ಎಲ್ಲ.

ಡೈರೆಕ್ಟ್ ಮಾಡಿದ ಹುಡುಗ ಸೆಪ್ಟೆಂಬರ್‌ನಲ್ಲಿ ಪೇಟೆಯಲ್ಲಿ ಸಿಕ್ಕ. ಬೈಯಬೇಕೆಂದೇ ಕರೆದೆ. "ಅಣ್ಣ, ಮಗು ಬಟ್ಟೆ ಇರ್ಲಿಲ್ಲ. ನಿಮಗೂ ಬರೋಕೆ ಆಗ್ಲಿಲ್ಲ. ನನ್ನ ಹತ್ರ ಫ್ಯೂಸ್ ಇರ್ಲಿಲ್ಲ" ಎಂದ. ಮೂರೂ ನಿಜ. ಸುಟ್ಟ ಕಾಯಿಲನ್ನು ಅಂಗಡಿಯಲ್ಲಿ ಇಟ್ಟಿದ್ದೆ, ತೋರಿಸಿದೆ. ತುಂಬ ಹೊತ್ತು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ನಮ್ಮ ಕಡೆ ಹೆಚ್ಚು ಓಡುವ ಮಾದರಿಗಳದ್ದು ಎರಡು ಫ್ಯೂಸ್ ಕೊಟ್ಟು ಕಳಿಸಿದೆ, ದುಡ್ಡು ಆಮೇಲೆ ಕೊಡು ಎಂದು.

ಮುಂದಿನ ಜುಲೈಯಲ್ಲಿ ಫೋನ್ ಮಾಡಿದ. ಒಂದು ಫ್ಯೂಸ್ ಬಳಸಿದನಂತೆ, ಇನ್ನೊಂದು ಬೇಕಂತೆ. ಹಾಕುವ ಮೊದಲು ಹೊರಗೆ ಹೋಗಿ ನೋಡಿದೆಯೇನೋ ಎಂದೆ.

"ನೋಡ್ದೆ ಅಣ್ಣ. ಮುಚ್ಚಳದ ಸಂದಿಗೆ ಕುಂಬಾರ ಹುಳ ಗೂಡು ಕಟ್ಟಿತ್ತು. ಮುಚ್ಚಳ ಏಳ್ತಾನೇ ಇರ್ಲಿಲ್ಲ."